ಅಮಸಿದ್ದಪ್ಪ ಬರೆಯದ ಕೊನೆಯ ಸಾಲು

ಹುನಗುಂದದಲ್ಲಿ ಹುಟ್ಟಿದಾಗ ಈ ಸುದ್ದಿ ಅಂಗೈಯಗಲ ಇತ್ತು. ದನದ ದವಾಖಾನಿಯ ಅಮಸಿದ್ದಪ್ಪ ಬೀಜಗಣಿತದ ಲೆಕ್ಕವನ್ನು ಸಾಲುಸಾಲಾಗಿ ಬಿಡಿಸುತ್ತಾನೆ, ಕೊನೆಯ ಸಾಲೊಂದನ್ನು ಮಾತ್ರ ಬರೆಯುವುದಿಲ್ಲ, ಅಷ್ಟೇ. ಬಸ್ಸು ಹತ್ತಿ ಇಳಕಲ್ಲಿಗೆ ಹೋಗುವಷ್ಟರಲ್ಲಿ ಅದು ಸೀರೆಯಷ್ಟು ಉದ್ದವಾಗಿತ್ತು. ನೂರು ಲೆಕ್ಕ ಬಿಡಿಸಿ ಒಂದಕ್ಕೂ ಉತ್ತರ ಕೊಡದ ಗಂಡು ಅವನು ಎಂದು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಕೂತವರು ಹೇಳಿದರು. ಬಾಗಲಕೋಟೆಯಲ್ಲಿ ಅದಕ್ಕೆ ರೆಕ್ಕೆ ಬಂತು. ಪರೀಕ್ಷೆ ಕೋಣೆಯಲ್ಲಿ ಮೂವರು ಮಾಸ್ತರು ಅವನ ಸುತ್ತ ನಿಂತು ಉತ್ತರ ಹೇಳೆಂದು ಕೈ ಮುಗಿದರಂತೆ, ಇವನು ಹಲ್ಲು ಕಚ್ಚಿ ಕೂತಿದ್ದನಂತೆ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಚೊಳಚಗುಡ್ಡದ ದಾರಿ ಹಿಡಿಯುವ ವೇಳೆಗೆ ಸುದ್ದಿ ಪುರಾಣವೇ ಆಗಿಹೋಗಿತ್ತು. ಆ ಕೊನೆಯ ಸಾಲಿನ ಅಂಕಿ ಅಮಸಿದ್ದಪ್ಪನ ನಾಲಿಗೆಯ ಮೇಲೆ ಬಂದ ದಿವಸ ಮಲಪ್ರಭಾ ಹೊಳೆ ಹಿಂದಕ್ಕೆ ಹರಿಯುತ್ತದೆ ಎಂದು ಬನಶಂಕರಿಯ ಹೊಂಡದ ಕಟ್ಟೆಯ ಮೇಲೆ ಕೂತ ಮುದುಕರು ಗಂಭೀರವಾಗಿ ಮಾತಾಡಿಕೊಂಡರು.

ಹೊಳೆ ತನ್ನ ಪಾಡಿಗೆ ಮುಂದಕ್ಕೇ ಹರಿಯುತ್ತಿತ್ತು.

ಈ ಮಹಾಪುರುಷ ನಿಜಕ್ಕೂ ಎಂಥವನು ಎಂದು ಬಲ್ಲವರು ಗುರುಸಿದ್ದವ್ವ ಅಕ್ಕೋರು. ಹುನಗುಂದದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ, ನಲವತ್ತಾರು ವರ್ಷದ, ಕೆಂಪು ಶಾಯಿಯ ಪೆನ್ನನ್ನು ತುರುಬಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಹೆಣ್ಣುಮಗಳು. ಉತ್ತರ ಸರಿಯಿದ್ದು ನಡುವಿನ ಒಂದು ಹಂತ ಬಿಟ್ಟುಹೋಗಿದ್ದರೆ ಇಡೀ ಲೆಕ್ಕದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. "ಬಾದಾಮಿ ಗುಡ್ಡಾ ಹತ್ತುವಾಗ ನಡುವಿನ ನಾಕ ಮೆಟ್ಟಲಾ ಬಿಟ್ಟು ಹಾರ್ತೀರೇನು? ಹಾರಿದ್ರ ಹಲ್ಲು ಎಲ್ಲಿ ಆರಿಸ್ಕೋತೀರಿ?" ಎನ್ನುವುದು ಅವರ ಮಾಮೂಲು ಮಾತು. ಲೆಕ್ಕಕ್ಕೆ ಐದು ಅಂಕ ಇದ್ದರೆ ಉತ್ತರಕ್ಕೆ ಒಂದೇ, ಉಳಿದ ನಾಲ್ಕು ಹಂತಗಳಿಗೆ ಎಂಬುದು ಅವರ ಧರ್ಮ. ಆ ಧರ್ಮಕ್ಕೆ ಇಷ್ಟು ಕಟ್ಟುನಿಟ್ಟಿನ ಭಕ್ತ ಸಿಕ್ಕಾನೆಂದು ಅವರು ಎಣಿಸಿರಲಿಲ್ಲ.

ಭಕ್ತ ಸಿಕ್ಕಿದ್ದು ಅವರ ಎಮ್ಮೆಯ ದೆಸೆಯಿಂದ. 1978ರ ದೀಪಾವಳಿ ಮುಗಿದ ವಾರ ಎಮ್ಮೆ ಈಯಲಾರದೆ ಬಿದ್ದುಕೊಂಡಿತು. ಡಾಕ್ಟರು ಊರಲ್ಲಿರಲಿಲ್ಲ. ದವಾಖಾನಿಯಿಂದ ಬಂದವನು ಮೂವತ್ತನಾಲ್ಕರ ಪ್ರಾಯದ, ಹೆಗಲ ಮೇಲೆ ಕಂಬಳಿ ಹೊದ್ದ, ಮಾತು ಕಡಿಮೆಯ ಆಳು. ಮೊಳಕೈವರೆಗೆ ಎಣ್ಣೆ ಸವರಿಕೊಂಡು, ಎಮ್ಮೆಯ ಕಿವಿಯಲ್ಲಿ ಏನೋ ಹೇಳಿ, ಒಳಗಿದ್ದ ಕರುವಿನ ಕಾಲು ತಿರುಗಿಸಿ, ಹದಿನೈದು ನಿಮಿಷದಲ್ಲಿ ಹೊರಗೆ ತಂದು ನಿಲ್ಲಿಸಿದ. ಎಮ್ಮೆಗಿಂತ ಹೆಚ್ಚು ಬೆವೆತಿದ್ದ ಅಕ್ಕೋರು, "ನಿನಗೇನು ಕೊಡಲಿ ಹೇಳೋ ತಮ್ಮಾ" ಎಂದರು.

ಅಮಸಿದ್ದಪ್ಪ ಕೈ ತೊಳೆದುಕೊಂಡು ಹೇಳಿದ: "ಗಣಿತ ಕೊಡ್ರಿ."

ಅವನ ಕಷ್ಟವನ್ನು ಬಿಡಿಸಿ ಹೇಳಿದವನು ಜತೆಗೆ ಬಂದಿದ್ದ ಕಂಪೌಂಡರ್ ಮಲೀಕಸಾಬ. ಹೊರಗಿನಿಂದ ಪರೀಕ್ಷೆ ಕಟ್ಟಿ ಅಮಸಿದ್ದಪ್ಪ ಎಸ್ಸೆಸ್ಸೆಲ್ಸಿಯ ಉಳಿದ ವಿಷಯಗಳನ್ನೆಲ್ಲ ಪಾಸು ಮಾಡಿಕೊಂಡಿದ್ದ. ಗಣಿತದಲ್ಲಿ ಮಾತ್ರ ನಾಲ್ಕು ಸಲ ನಪಾಸು. "ಈಗ ಮ್ಯಾಲಿಂದ ಕಾಗದ ಬಂದೈತ್ರಿ ಅಕ್ಕೋರ. ಬರೂ ಜೂನ್ ಒಳಗ ಸರ್ಟಿಫಿಕೇಟ್ ತಂದ್ರ ಇಂವಾ ದವಾಖಾನ್ಯಾಗ ಕಾಯಂ. ತರಲಿಲ್ಲಂದ್ರ ಇವನ ಜಾಗಾಕ್ಕ ಬ್ಯಾರೆಯವ್ರು ಬರ್ತಾರ. ಬರಾಂವ ಪಾಸಾಗಿರ್ತಾನ, ಆದ್ರ ಎಮ್ಮಿ ಬಾಲ ಯಾವ ಕಡೆ ಇರ್ತೈತಂತ ನನ್ನ ಕೇಳ್ತಾನ."

ಅಮಸಿದ್ದಪ್ಪ ಕರುವನ್ನು ಎಮ್ಮೆಯ ಕೆಚ್ಚಲಿಗೆ ಹಚ್ಚುತ್ತಿದ್ದ. ಅವನ ತಮ್ಮಂದಿರು ತಾಯಿಯ ಜತೆ ಕುರಿ ಕಾಯುತ್ತಿದ್ದರು. ದವಾಖಾನಿ ಬಿಟ್ಟರೆ ಅವನಿಗೂ ಅದೇ ದಾರಿ. ಅದೇನು ಅವಮಾನದ್ದಲ್ಲ. ಆದರೆ ಮುರಿದ ಕಾಲು ಕಟ್ಟುವುದು, ಹುಳ ಬಿದ್ದ ಗಾಯ ತೊಳೆಯುವುದು, ಅಡ್ಡ ಬಂದ ಮರಿಯನ್ನು ನೆಟ್ಟಗೆ ಮಾಡುವುದು, ಇವು ಅವನ ಬೆರಳಿಗೆ ರುಚಿ ಹತ್ತಿದ ಕೆಲಸಗಳು.

"ನಾಳಿಂದ ಸಂಜಿ ಐದಕ್ಕ ಬಾ" ಎಂದರು ಅಕ್ಕೋರು.

ಮೊದಲ ಪಾಠ ಎಮ್ಮೆ ಕಟ್ಟುವ ಪಡಸಾಲೆಯ ಕಟ್ಟೆಯ ಮೇಲೆ ಆಯಿತು.

"x ಅಂದ್ರ ನಮಗ ಗೊತ್ತಿಲ್ಲದ ಸಂಖ್ಯೆ" ಎಂದರು ಅಕ್ಕೋರು.

"ಗೊತ್ತಿಲ್ಲದ್ದೊ, ಹೇಳಬಾರದ್ದೊ, ಅಕ್ಕೋರ?"

"ಎರಡೂ ಒಂದ ಅಂತ ತಿಳಿ. ಮುಂದ ಬರಿ" ಎಂದರು ಅವರು. ಆ ಗಳಿಗೆಯಲ್ಲಿ ಎಂಥ ಮಾತು ಕೊಟ್ಟೆನೆಂದು ಅವರಿಗೆ ಮುಂದಿನ ತಿಂಗಳವರೆಗೆ ತಿಳಿಯಲಿಲ್ಲ.

ಕಲಿಯುವುದರಲ್ಲಿ ಅವನು ಎತ್ತಿನಂತೆ ನಿಧಾನ, ಎತ್ತಿನಂತೆ ನೆಚ್ಚಿಗೆಯವನು. ಐದು ಪೆನ್ಸಿಲಿನ ಬೆಲೆಯಿಂದ ಏಳು ಕಳೆದರೆ ಮೂವತ್ತೆಂಟು ಪೈಸೆ, ಒಂದರ ಬೆಲೆ ಎಷ್ಟು ಎಂದರೆ, ಬೆಲೆ x ಇರಲಿ ಎಂದು ಮೊದಲು ಬರೆಯುವನು. 5x − 7 = 38. ಎರಡೂ ಕಡೆ ಏಳು ಕೂಡಿಸಲು, 5x = 45. ಎರಡೂ ಕಡೆ ಐದರಿಂದ ಭಾಗಿಸಲು, x = 9. ಒಂದೊಂದು ಹಂತವನ್ನೂ ಕುರಿಯ ಉಣ್ಣೆ ಕತ್ತರಿಸಿದಷ್ಟು ಹುಷಾರಾಗಿ ಬಿಡಿಸುವನು. ಒಂದು ಕಡೆ ಏನು ಮಾಡಿದೆಯೋ ಇನ್ನೊಂದು ಕಡೆಗೂ ಅದನ್ನೇ ಮಾಡಬೇಕು ಎಂಬ ನಿಯಮ ಅವನಿಗೆ ಬಹಳ ಹಿಡಿಸಿತು. "ಇದು ನ್ಯಾಯದ ಮಾತ್ರಿ. ಹೇರು ಹೊತ್ತ ಕತ್ತೆಗೂ ಹಂಗ. ಒಂದ ಕಡೆ ತಗದ್ರ ಮತ್ತೊಂದ ಕಡೆನೂ ತಗೀಬೇಕು, ಇಲ್ಲಂದ್ರ ಹೇರು ಹೊಳ್ಳತೈತಿ" ಎಂದ.

ಭೂಮಿತಿಯಲ್ಲಂತೂ ಅವನು ಅರಸ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕಿ, ತ್ರಿಭುಜದ ಮೂರು ಮೂಲೆಗೆ ಅಕ್ಷರ ನೆಟ್ಟು, ಕುರಿ ಹಟ್ಟಿಗೆ ಗೂಟ ಹೊಡೆದ ಹಾಗೆ ಪ್ರಮೇಯ ನಿಲ್ಲಿಸುತ್ತಿದ್ದ. ಏಳು ಮೀಟರ್ ಹಗ್ಗದಿಂದ ಬಯಲ ನಡುವಿನ ಗೂಟಕ್ಕೆ ಕಟ್ಟಿದ ಕುರಿ ಎಷ್ಟು ಜಾಗ ಮೇಯ್ದೀತು ಎಂಬ ಲೆಕ್ಕ ಬಂತು. ಏಳರ ವರ್ಗವನ್ನು ಇಪ್ಪತ್ತೆರಡರಿಂದ ಗುಣಿಸಿ, ಏಳರಿಂದ ಭಾಗಿಸಿ, ನೂರೈವತ್ತನಾಲ್ಕು ಚದರ ಮೀಟರ್ ಎಂದು ತಪ್ಪಿಲ್ಲದೆ ಬರೆದ. ಬರೆದು ಕೆಳಗೆ ಸೇರಿಸಿದ: 'ಕುರಿಯನ್ನು ಯಾರೂ ಹೀಗೆ ಕಟ್ಟುವುದಿಲ್ಲ. ಇದು ಆಡು ಇರಬೇಕು.' ಅಕ್ಕೋರು ಕೆಂಪು ಪೆನ್ನು ಎತ್ತಿ, ಸ್ವಲ್ಪ ಹೊತ್ತು ಯೋಚಿಸಿ, ಪೂರ್ತಿ ಅಂಕ ಕೊಟ್ಟರು.

ಕೇಡು ಹೊರಬಿದ್ದದ್ದು ಮನೆಗೆ ಕೊಟ್ಟ ಐದನೇ ಲೆಕ್ಕದಲ್ಲಿ. ತಂದೆಯ ವಯಸ್ಸು ಮಗನ ನಾಲ್ಕು ಪಟ್ಟು. ಇಪ್ಪತ್ತು ವರ್ಷದ ನಂತರ ಎರಡು ಪಟ್ಟು. ಈಗ ಮಗನ ವಯಸ್ಸೆಷ್ಟು? ಅಮಸಿದ್ದಪ್ಪ ಸಮೀಕರಣ ಹೂಡಿದ್ದ, 4x + 20 = 2x + 40. ಸರಿಸಿ, ಕಳೆದು, 2x = 20ಕ್ಕೆ ಬಂದಿದ್ದ. ಅದರ ಕೆಳಗೆ 'ಆದ್ದರಿಂದ' ಎಂದು ಬರೆದು, ಮುಂದೆ ಏನೂ ಇರಲಿಲ್ಲ. ಆರನೇ ಲೆಕ್ಕ ಕುರಿಯದು: 3x = 75, 'ಆದ್ದರಿಂದ', ಖಾಲಿ. ಏಳನೆಯದು ಜೋಳ ಅಳೆಯುವುದು. ಅಲ್ಲಿ ಉತ್ತರ ಒಂದು ಸೇರು ಬರಬೇಕು. ಅಲ್ಲಿ ಅವನು ಧೈರ್ಯವಾಗಿ ಬರೆದಿದ್ದ: x = ಲಾಭ.

ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಅಕ್ಕೋರಿಗೂ ಗೊತ್ತಿದ್ದದ್ದೇ. ಅವರ ಅಪ್ಪನೂ ಹಾಗೇ ಅಳೆದವನು. ಅದನ್ನು ಸಮೀಕರಣದ ಕೊನೆಗೆ ಕಂಡದ್ದು ಮಾತ್ರ ಇದೇ ಮೊದಲು.

"ಇದನ್ನ ಬಿಡು, ತಿದ್ದಬಹುದು. ಕುರಿದು, ವಯಸ್ಸಿಂದು ಯಾಕ ಬಿಟ್ಟಿ?"

"ಜೀವ ಇದ್ದದ್ದನ್ನ ನಮ್ಮ ಮನ್ಯಾಗ ಎಣಿಸಂಗಿಲ್ರಿ ಅಕ್ಕೋರ. ಎಣಿಸಿದ್ದು ಉಳ್ಯಾಂಗಿಲ್ಲ ಅಂತಾಳ ನಮ್ಮವ್ವ. ಕುರಿ ಎಷ್ಟಂತ ನಮ್ಮಪ್ಪ ಹೇಳಲಿಲ್ಲ, ಅವರಪ್ಪನೂ ಹೇಳಲಿಲ್ಲ."

"ಇವು ನಿಮ್ಮ ಕುರಿ ಅಲ್ಲೋ. ಪುಸ್ತಕದಾವು."

"ಯಾರವೇ ಆಗ್ಲಿ ಬಿಡ್ರಿ. ನನ್ನ ಕೈಲೇ ಯಾಕ ದೃಷ್ಟಿ ಆಗಬೇಕು."

ಅಕ್ಕೋರು ಮಲೀಕಸಾಬನನ್ನು ವಿಚಾರಿಸಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ದವಾಖಾನಿಯ ಪುಸ್ತಕದಲ್ಲಿ 'ಇಂದು ಚುಚ್ಚುಮದ್ದು ಹಾಕಿದ ಕುರಿಗಳ ಸಂಖ್ಯೆ' ಎಂಬ ಮನೆಯಲ್ಲಿ ಅಮಸಿದ್ದಪ್ಪ ಐದು ವರ್ಷದಿಂದ 'ಬಂದಷ್ಟು' ಎಂದೇ ಬರೆಯುತ್ತಿದ್ದನಂತೆ. ಮಲೀಕಸಾಬ ಖಾಲಿ ಬಾಟಲಿಗಳನ್ನು ನೋಡಿ ಅಂಕಿ ಹಾಕುತ್ತಿದ್ದ. "ಬಾಟ್ಲಿಗೆ ಜೀವ ಇಲ್ಲಲ್ರಿ, ಅದಕ್ಕ ನಮ್ಮ ಆಫೀಸು ನಡದೈತಿ. ಹಿಂದಿನ ನಾಕು ಪರೀಕ್ಷಿನೂ ಹಿಂಗ ಹೋದ್ವು. ಕುರಿ ಅಂತ ಕಂಡ್ರ ಇಂವಾ ಆ ಲೆಕ್ಕಾನ ಮುಟ್ಟತಿದ್ದಿಲ್ಲ."

ಅಕ್ಕೋರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರವಿಕೊಂಡು ಕೂತರು. ಬೀಜಗಣಿತ ಬರೆದ ಮಹನೀಯರಿಗೆ ಜೀವ ಇರುವ ವಸ್ತುಗಳ ಮೇಲೆ ಎಂಥ ಮೋಹ. ತಂದೆ-ಮಗ, ಅಕ್ಕ-ತಂಗಿ, ಕುರಿ-ಕೋಳಿ, ಒಂದು ವರ್ಗದ ಹುಡುಗರು, ಒಂದು ಕೆರೆಯ ಹಂಸಗಳು. ಅಮಸಿದ್ದಪ್ಪನ ಗಣಿತ ಪಾಸಿನ ಅಂಚಿನಲ್ಲಿ ತೂಗಾಡುತ್ತಿತ್ತು. ಪ್ರತಿ ಪತ್ರಿಕೆಯಲ್ಲೂ ಮೂರು ನಾಲ್ಕು ಅಂಕ ಈ ಜೀವಿಗಳ ಪಾಲಾದರೆ ಅವನ ನೌಕರಿಯೂ ಅವುಗಳ ಪಾಲೇ.

ದೊಡ್ಡ ಕೋರ್ಟಿಗೇ ಹೋಗುವುದೆಂದು ಅಕ್ಕೋರು ತೀರ್ಮಾನಿಸಿದರು. ಒಂದು ಭಾನುವಾರ ಬೆಳಿಗ್ಗೆ ಮರೋಳದ ಬಸ್ಸು ಹತ್ತಿದರು. ಊರಾಚೆಯ ಎರೆಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡು ಅಮಸಿದ್ದಪ್ಪನ ತಾಯಿ ಬೋರವ್ವ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಕೈಯಲ್ಲಿ ನೂಲುವ ಕದರು, ಮಡಿಲಲ್ಲಿ ಉಣ್ಣೆ, ಕಣ್ಣು ಹಿಂಡಿನ ಮೇಲೆ. ಅಕ್ಕೋರಿಗೆ ಕಂಬಳಿ ಹಾಸಿ, ತಟಿಗೆಯಲ್ಲಿ ರೊಟ್ಟಿ, ಹಿಂಡಿ ಚಟ್ನಿ, ಮೇಲೊಂದಿಷ್ಟು ಎಣ್ಣೆ ಕೊಟ್ಟಳು.

"ಎಷ್ಟು ಕುರಿ ಅದಾವು ಯವ್ವಾ?" ಎಂದು ಅಕ್ಕೋರು ಕೇಳಿಯೇಬಿಟ್ಟರು. ಗಣಿತದವರ ಬಾಯಿ, ತಡೆಯುವುದು ಕಷ್ಟ.

"ನಮ್ಮ ದ್ಯಾವ್ರು ಬೀರಪ್ಪ ಕೊಟ್ಟಷ್ಟು."

"ಒಂದು ಕಳದ್ರ ಹ್ಯಾಂಗ ಗೊತ್ತಾಗ್ತೈತಿ?"

"ನಿಮ್ಮ ಸಾಲ್ಯಾಗ ಒಂದು ಹುಡಿಗಿ ಬರಲಿಲ್ಲಂದ್ರ ಎಣಿಸಿದ ಮ್ಯಾಲ ಗೊತ್ತಾಗ್ತೈತೇನ್ರಿ ಅಕ್ಕೋರ? ಅದರ ಮಾರಿ ಕಾಣಂಗಿಲ್ಲಲ್ಲ."

ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಜರಿ ಕೂಗಿದ್ದ ಅಕ್ಕೋರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ನಿಧಾನವಾಗಿ, ಹಂತಹಂತವಾಗಿ, ಮಗನ ನೌಕರಿಯ ಸಂಗತಿ ಹೇಳಿದರು. ಪರೀಕ್ಷೆಯ ಕಾಗದದಲ್ಲೂ ಕುರಿ ಇರುತ್ತವೆ, ಅಪ್ಪ-ಮಗನ ವಯಸ್ಸಿರುತ್ತದೆ, ಅವನ್ನು ಎಣಿಸದಿದ್ದರೆ ಅಮಸಿದ್ದಪ್ಪ ದವಾಖಾನಿ ಬಿಡಬೇಕಾಗುತ್ತದೆ ಎಂದರು. ಬೋರವ್ವ ಕದರು ನಿಲ್ಲಿಸಿದಳು. ಹೈಕೋರ್ಟಿನ ಜಡ್ಜಿಗೂ ಇಷ್ಟು ಗತ್ತು ಇರಲಿಕ್ಕಿಲ್ಲ.

"ಆ ಪರೀಕ್ಷಿ ಕುರಿ ಮೇಯ್ತಾವೇನು?"

"ಇಲ್ಲ."

"ಮರಿ ಹಾಕ್ತಾವೇನು?"

"ಇಲ್ಲ ಬಿಡು."

"ತ್ವಾಳ ಹಿಡೀತೈತೇನು?"

"ಕಾಗದದ ಕುರಿ ಯಾವ ತ್ವಾಳ ಹಿಡೀತೈತಿ ಯವ್ವಾ."

"ಹಂಗಾದ್ರ ಅವು ಕುರೀ ಅಲ್ಲ" ಎಂದು ಬೋರವ್ವ ತೀರ್ಪು ಕೊಟ್ಟಳು. "ಎಣಿಸ್ಲಿ. ಆದ್ರ ಮರಿ ಹಾಕೂವಂಥಾದ್ದು ಇದ್ರ ಎಣಿಸಬ್ಯಾಡಂತ ಹೇಳ್ರಿ. ಮತ್ತ ಆ ಅಪ್ಪ ಮಗ ಅಂದ್ರಿ, ಅವರು ಯಾವೂರವರು?"

"ಯಾವೂರವರೂ ಅಲ್ಲ."

"ಹಂಗಾದ್ರ ಅವರದೂ ಬರೀಲಿ. ನನಗೇನು."

ಅಕ್ಕೋರು ಗೆದ್ದ ರಾಣಿಯ ಹಾಗೆ ಬಸ್ಸಿನ ಕಿಟಕಿಯ ಪಕ್ಕ ಕೂತು ಊರಿಗೆ ಬಂದರು. ಮರುದಿನದಿಂದ ಪಡಸಾಲೆಯಲ್ಲಿ ಬರಗಾಲ ಮುಗಿದು ಉತ್ತರಗಳ ಸುಗ್ಗಿ. ಅಮಸಿದ್ದಪ್ಪ ಲೆಕ್ಕವನ್ನು ಮೊದಲು ಒಮ್ಮೆ ಪೂರ್ತಿ ಓದುವನು. ಕುರಿ ಸುಮ್ಮನೆ ನಿಂತಿವೆಯೋ, ಏನಾದರೂ ಮಾಡುತ್ತಿವೆಯೋ ನೋಡುವನು. ಸುಮ್ಮನಿದ್ದರೆ x = 25 ಎಂದು ಗುಂಡಗೆ ಬರೆದು ಕೆಳಗೆ ಎರಡು ಗೆರೆ ಎಳೆಯುವನು. ಒಂದು ಲೆಕ್ಕದಲ್ಲಿ ಕುರಿಗಳು ಬೇಲಿ ದಾಟುತ್ತಿದ್ದವು. ಅದರ ಬಗ್ಗೆ ಇಬ್ಬರೂ ಅರ್ಧ ಗಂಟೆ ಚರ್ಚಿಸಿ, ದಾಟುವುದು ಮೇಯುವುದಲ್ಲ ಎಂದು ಒಪ್ಪಿಕೊಂಡರು.

1979ರ ಏಪ್ರಿಲ್ಲಿನಲ್ಲಿ ಇಳಕಲ್ಲಿನ ಕೇಂದ್ರದಲ್ಲಿ ಪರೀಕ್ಷೆ. ಸಂಜೆ ಅಮಸಿದ್ದಪ್ಪ ಬಂದು ಪ್ರಶ್ನೆಪತ್ರಿಕೆಯನ್ನು ಅಕ್ಕೋರ ಕೈಗಿಟ್ಟ. ಯಾವ ಲೆಕ್ಕ ಎಲ್ಲಿಯವರೆಗೆ ಬಿಡಿಸಿದ್ದ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದ. "ಮರೋಳದ ಕಡೆ ಕುರಿಗೆ ಬ್ಯಾನಿ ಬಂದೈತ್ರಿ, ಡಾಕ್ಟ್ರು ಜೀಪಿನ್ಯಾಗ ಕಾಯಾಕ ಹತ್ಯಾರ" ಎಂದು ಹೊರಟೇಹೋದ. ಅಕ್ಕೋರು ಕನ್ನಡಕ ಏರಿಸಿಕೊಂಡು ಓದಿದರು. ಕೊನೆಯ ಪ್ರಶ್ನೆಗೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

'ಒಬ್ಬ ಕುರುಬನ ಹಿಂಡಿನಲ್ಲಿ ಕೆಲವು ಕುರಿಗಳಿದ್ದವು. ಒಂದು ವರ್ಷದಲ್ಲಿ ಅಷ್ಟೇ ಮರಿಗಳು ಹುಟ್ಟಿದವು. ಅವುಗಳಲ್ಲಿ ಎಂಟನ್ನು ತೋಳ ತಿಂದಿತು. ಈಗ ಹಿಂಡಿನಲ್ಲಿ ಒಟ್ಟು ನಲವತ್ತು ಇವೆ. ಮೊದಲು ಇದ್ದ ಕುರಿಗಳೆಷ್ಟು?'

ಪತ್ರಿಕೆ ತೆಗೆದ ಮಹಾನುಭಾವ ಬೋರವ್ವನ ಬೆನ್ನ ಹಿಂದೆ ಕಂಬಳಿ ಹೊದ್ದು ಕೂತು ಎಲ್ಲ ಕೇಳಿಸಿಕೊಂಡಿದ್ದನೋ ಏನೋ. ಮರಿಯೂ ಹುಟ್ಟಿತ್ತು, ತೋಳವೂ ಬಂದಿತ್ತು. ಮೇಯುವುದೊಂದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮರಿ ಹಾಕಿದವು ಮೇಯದೆ ಇದ್ದಾವೆಯೇ?

ಅಂಚಿನಲ್ಲಿ ಅಮಸಿದ್ದಪ್ಪನ ಪೆನ್ಸಿಲ್ಲು ಹೀಗೆ ನಡೆದಿತ್ತು:

ಕುರಿಗಳು x ಇರಲಿ. ಮರಿಗಳೂ x.
x + x − 8 = 40
2x − 8 = 40
2x = 40 + 8
2x = 48

ಅಲ್ಲಿಗೆ ನಿಂತಿತ್ತು. 'ಆದ್ದರಿಂದ' ಎಂಬ ಶಬ್ದವೂ ಇರಲಿಲ್ಲ.

ಅಕ್ಕೋರು ಹಾಳೆಯೊಂದನ್ನು ತೆಗೆದುಕೊಂಡು ಕೂಡಿಸಿದರು. ಭೂಮಿತಿಯಲ್ಲಿ ಹತ್ತೊಂಬತ್ತು. ಬೀಜಗಣಿತದ ಉಳಿದ ಲೆಕ್ಕಗಳಲ್ಲಿ ಹನ್ನೆರಡು. ಮೂವತ್ತೊಂದಾಯಿತು. ಪಾಸಿಗೆ ಮೂವತ್ತೈದು ಬೇಕು. ಈ ಕೊನೆಯ ಲೆಕ್ಕಕ್ಕೆ ಐದು. ಪೇಪರು ನೋಡುವವರು ಉತ್ತರ ಎಲ್ಲಿ ಎಂದು ಹುಡುಕುವ ಜಾತಿಯವರಾದರೆ ಸೊನ್ನೆ, ಅಮಸಿದ್ದಪ್ಪ ದವಾಖಾನಿಯ ಹೊರಗೆ. ಹಂತಕ್ಕೆ ಅಂಕ ಕೊಡುವವರಾದರೆ ನಾಲ್ಕು, ಸರಿಯಾಗಿ ಮೂವತ್ತೈದು. ಜೀವನದಲ್ಲಿ ಮೊದಲ ಸಲ ಅಕ್ಕೋರಿಗೆ ತಮ್ಮ ಧರ್ಮದ ಬಗ್ಗೆ ಅಂಜಿಕೆ ಹುಟ್ಟಿತು. ಎಲ್ಲೋ ಧಾರವಾಡದಲ್ಲೋ ಬೆಳಗಾವಿಯಲ್ಲೋ ಕೂತು ಪೇಪರು ತಿದ್ದುವ, ಮುಖ ಕಾಣದ ಮಾಸ್ತರರ ಗುರುಗಳು ಅವರಿಗೆ ಹಂತ ಬರೆಸಿದ್ದರೋ ಇಲ್ಲವೋ ಎಂದು ದಿನಾ ಎಮ್ಮೆಗೆ ನೀರು ಕುಡಿಸುವಾಗ ಯೋಚಿಸುತ್ತಿದ್ದರು.

ಕಂಪೌಂಡರ್ ಮಲೀಕಸಾಬನಿಗೆ ಈ ಸಂಗತಿ ತಿಳಿದ ಮೇಲೆ ಅದು ಹೋಟೆಲ್ಲಿಗೂ ತಿಳಿಯಿತು, ಅಲ್ಲಿಂದ ಬಸ್ ಸ್ಟ್ಯಾಂಡಿಗೂ. ಜನ ಎರಡು ಪಂಗಡವಾದರು. ಅವ್ವನ ಮಾತಿಗಾಗಿ ಸರಕಾರಿ ನೌಕರಿಯನ್ನೇ ಒದ್ದ ಮಗ ಎಂದು ಒಂದು ಪಂಗಡ. ಒದ್ದಿಲ್ಲ, ಜಾಣತನದಿಂದ ಎರಡನ್ನೂ ಉಳಿಸಿಕೊಂಡಿದ್ದಾನೆ ಎಂದು ಇನ್ನೊಂದು. "ಎರಡು ಹಿಂಡು ಕೂಡಿ ನಲವತ್ತೆಂಟು ಅಂತ ಬರದ. ಒಂದು ಹಿಂಡು ಎಷ್ಟಂತ ಅಂದನೇನು? ಅನ್ಲಿಲ್ಲ. ದೃಷ್ಟಿ ಆದ್ರ ಪೇಪರ್ ತಿದ್ದೂ ಮಾಸ್ತರಗ ಆಗ್ಲಿ. ಏನು ತಲಿ ಐತಿಪಾ" ಎಂದು ಮಲೀಕಸಾಬ ಕಪ್ಪು-ಬಸಿ ಎತ್ತಿ ವಿವರಿಸುತ್ತಿದ್ದ. ಮನಸ್ಸಿನೊಳಗೆ ಅಕ್ಕೋರು ಈ ಎರಡನೆಯ ಪಂಗಡದವರೇ. ಬೋರವ್ವನ ಶಾಸನ, ಸರಕಾರದ ನಿಯಮ, ಗಣಿತದ ಮರ್ಯಾದೆ, ಮೂರಕ್ಕೂ ಚ್ಯುತಿ ಬಾರದ ಸಾಲು ಇಡೀ ಲೆಕ್ಕದಲ್ಲಿ ಅದೊಂದೇ ಇತ್ತು. ಅದನ್ನು ಹುಡುಕಿ ಅಲ್ಲೇ ನಿಲ್ಲುವ ವಿವೇಕ ತಮ್ಮ ಬೇರೆ ಯಾವ ವಿದ್ಯಾರ್ಥಿಗೂ ಇರಲಿಲ್ಲ ಎಂದುಕೊಂಡರು.

ಜೂನ್ ಮೊದಲ ವಾರ ಅಂಕಪಟ್ಟಿ ಬಂತು. ಗಣಿತದ ಮುಂದೆ ಮೂವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದವಾಖಾನಿಯಲ್ಲಿ ಮಲೀಕಸಾಬ ಫೇಡೆ ಹಂಚಿದ. ಮರೋಳದಿಂದ ಬೋರವ್ವ ಹೊಸ ಕಂಬಳಿಯೊಂದನ್ನು ಅಕ್ಕೋರಿಗೆ ಕಳಿಸಿದಳು.

ಅದನ್ನು ತಂದುಕೊಟ್ಟವನು ಅಮಸಿದ್ದಪ್ಪನೇ. ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಕರುವಿನ ಬೆನ್ನು ಸವರಿದ. ಇಷ್ಟು ದಿನ ಕೇಳಲು ಅಳುಕಿದ್ದ ಅಕ್ಕೋರಿಗೆ ಇನ್ನು ತಡೆಯಲಾಗಲಿಲ್ಲ.

"ಅಮಸಿದ್ದಪ್ಪ, ಊರೆಲ್ಲ ಒಂದೊಂದು ಹೇಳ್ತೈತಿ. ನೀ ಖರೆ ಹೇಳು. ಆ ತ್ವಾಳದ ಲೆಕ್ಕಾ ಎರಡು x ನಲವತ್ತೆಂಟಕ್ಕ ಯಾಕ ನಿಲ್ಲಿಸಿದಿ? ಅವ್ವನ ಮಾತು ನೆನಪಾತೇನು?"

ಅಮಸಿದ್ದಪ್ಪ ಬಸಿಯಲ್ಲಿ ಉಳಿದಿದ್ದ ಚಹಾ ಮುಗಿಸಿದ.

"ಇಲ್ರಿ ಅಕ್ಕೋರ. ಇಪ್ಪತ್ತನಾಲ್ಕು ಅಂತ ಬರೀಬೇಕನ್ನೂದ್ರಾಗ ಗಂಟಿ ಹೊಡೀತು."